ನೀಲಿ ಡೈಯೋ, ಹಸಿರು ಡೈಯೋ? ಆಪರೇಷನ್‌ಗೆ ಮೊದಲು ಗುಳಿಗೆಯ ಚೀಟಿ ನೋಡಿ

"ಅಕ್ಕನ ಎದೆಯಲ್ಲಿ ಗಂಟಿದೆ. ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. ಕಲಬುರಗಿಯಲ್ಲಿ ನೀಲಿ ಡೈ ಹಾಕಿ ಕಂಕುಳಿನ ಗ್ರಂಥಿ ನೋಡ್ತೀವಿ ಅಂದಿದ್ದಾರೆ. ಹೈದರಾಬಾದಿನಲ್ಲಿ ಹಸಿರು ಡೈ, ಕ್ಯಾಮೆರಾ ಎಲ್ಲಾ ಇದೆಯಂತೆ. ಎಲ್ಲಿ ಮಾಡಿಸೋಣ?"

ಡೈ ಅಂದರೆ ಆಪರೇಷನ್ ಅಥವಾ ಪರೀಕ್ಷೆಯ ವೇಳೆ ಒಳಗಿನ ಭಾಗ ಸರಿಯಾಗಿ ಕಾಣಲಿ ಅಂತ ಹಾಕುವ ಬಣ್ಣದ ಔಷಧ. ಯಾದಗಿರಿ, ಸೇಡಂ, ಹುಮನಾಬಾದ್ ಕಡೆಯವರು ಇಂಥ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಗರ್ಭಕೋಶದ ಆಪರೇಷನ್‌ಗೆ ಡೈ ಯಾಕೆ ಅಂತ ಕೆಲವರು ಕೇಳುತ್ತಾರೆ. ಶುಗರ್ ಇರುವವರಿಗೆ ಕಣ್ಣಿನ ಪರೀಕ್ಷೆಗೆ ಹಳದಿ ಡೈ ಅಂದರೆ ಭಯ. ನಾನು ದವಾಖಾನೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ಥಿಯೇಟರ್‌ಗೆ ಹೋಗುವ ಈ ಬಾಟಲಿಗಳು ನಮ್ಮ ಕೈದಾಟಿಯೇ ಹೋಗುತ್ತವೆ. ಹೆಚ್ಚಿನ ಮನೆಯವರು ಮೊದಲು ಕೇಳುವುದು ಬೆಲೆ, ಆಮೇಲೆ ಊರು. ನಾನು ಮೊದಲು ಕೇಳುವುದು ಬೇರೆ: ಪೇಶಂಟ್ ಈಗ ಯಾವ ಯಾವ ಗುಳಿಗೆ ತಗೊಳ್ತಿದ್ದಾರೆ?

ಯಾವ ಡೈ ಹಾಕಬೇಕು ಅಂತ ಕೊನೆಗೆ ತೀರ್ಮಾನಿಸುವವರು ಸರ್ಜನ್ ಮತ್ತು ಅರಿವಳಿಕೆ ಕೊಡುವ ಡಾಕ್ಟರು. ಆದರೆ ಆ ತೀರ್ಮಾನಕ್ಕೆ ಬೇಕಾದ ಅರ್ಧ ಮಾಹಿತಿ ನಿಮ್ಮ ಮನೆಯಲ್ಲಿ, ಗುಳಿಗೆಯ ಡಬ್ಬಿಯಲ್ಲಿ ಇರುತ್ತದೆ.

ಏನೇನು ನೋಡಿ ಆರಿಸಬೇಕು

ಮೊದಲನೆಯದು ಗುಳಿಗೆಗಳು. ಎರಡನೆಯದು ಮೈಯ ಸ್ಥಿತಿ. ಅಂದರೆ ಅಲರ್ಜಿ, ಬಸಿರು, ಎದೆಹಾಲು ಕುಡಿಸುತ್ತಿರುವುದು, ಹೃದಯ, ಲಿವರ್, ರಕ್ತದಲ್ಲಿ ಹುಟ್ಟಿನಿಂದ ಬಂದ ಕೊರತೆ ಇವೆಲ್ಲ. ಮೂರನೆಯದು, ಡಾಕ್ಟರಿಗೆ ಒಳಗೆ ಏನು ಕಾಣಬೇಕು ಅನ್ನುವುದು. ಕಂಕುಳಿನ ಗ್ರಂಥಿಯೋ, ಮೂತ್ರನಾಳವೋ, ಪಿತ್ತನಾಳವೋ, ಕಣ್ಣಿನ ಪರದೆಯೋ? ಅದರ ಮೇಲೆ ಡೈ ಬದಲಾಗುತ್ತದೆ. ನಾಲ್ಕನೆಯದು, ಆ ಡೈಗೆ ಬೇಕಾದ ಯಂತ್ರ ಇದೆಯಾ, ಆ ಸರ್ಜನ್‌ಗೆ ಅದರಲ್ಲಿ ಕೈ ಪಳಗಿದೆಯಾ ಅನ್ನುವುದು. ಬೆಲೆ ಮತ್ತು ಓಡಾಟವನ್ನು ನಾನು ಕೊನೆಗೆ ಇಡುತ್ತೇನೆ. ದುಡ್ಡು ಮುಖ್ಯವಲ್ಲ ಅಂತಲ್ಲ. ಮೊದಲ ಎರಡರಲ್ಲಿ ತಪ್ಪಿದರೆ ಉಳಿಸಿದ ದುಡ್ಡು ಐಸಿಯು ಬಿಲ್ಲಿಗೆ ಹೋಗುತ್ತದೆ.

ಸಿಟಿ ಸ್ಕ್ಯಾನ್, ಆಂಜಿಯೋಗ್ರಾಂ ಮಾಡುವಾಗ ಕೊಡುವುದನ್ನೂ ನಮ್ಮ ಕಡೆ ಡೈ ಅಂತಲೇ ಕರೆಯುತ್ತಾರೆ. ಅದು ಅಯೋಡಿನ್ ಇರುವ ಔಷಧ. ಕಿಡ್ನಿ ತುಂಬಾ ದುರ್ಬಲವಾಗಿದ್ದರೆ ಮೆಟ್‌ಫಾರ್ಮಿನ್ ನಿಲ್ಲಿಸಿ ಅನ್ನುವುದು ಆ ಡೈಗೆ. ಇಲ್ಲಿ ಹೇಳುತ್ತಿರುವುದು ಒಳಗಿನ ಭಾಗಕ್ಕೆ ಬಣ್ಣ ಕೊಟ್ಟು ಕಾಣಿಸುವ ಡೈಗಳ ಬಗ್ಗೆ. ಎರಡನ್ನೂ ಬೆರೆಸಿಕೊಂಡು ಶುಗರ್ ಗುಳಿಗೆ ಬಿಟ್ಟವರು ಬೇಕಾದಷ್ಟು ಮಂದಿ.

ಮಿಥಿಲೀನ್ ಬ್ಲೂ: ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೆ ಗುಳಿಗೆಗಳ ಜೊತೆ ಜಗಳ

ನೀಲಿ ಡೈ ಅಂದರೆ ನಮ್ಮಲ್ಲಿ ಬಹುಪಾಲು ಇದೇ. 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಯ ಬಣ್ಣವಾಗಿ ಹುಟ್ಟಿತು. 1891ರಲ್ಲಿ ಪಾಲ್ ಎರ್ಲಿಚ್ ಮಲೇರಿಯಾಕ್ಕೆ ಔಷಧವಾಗಿ ಕೊಟ್ಟು ನೋಡಿದರು. ಇವತ್ತಿಗೂ ರಕ್ತ ಆಮ್ಲಜನಕ ಹೊರಲಾರದ ಸ್ಥಿತಿಗೆ, ಅಂದರೆ ಮೆಥೆಮೋಗ್ಲೋಬಿನ್ ಏರಿದಾಗ, ಇದನ್ನೇ ಕೊಡುತ್ತಾರೆ. ಎದೆ ಕ್ಯಾನ್ಸರ್ ಆಪರೇಷನ್‌ನಲ್ಲಿ ಇದನ್ನು ಎದೆಗೆ ಚುಚ್ಚಿದರೆ ಹರಿದು ಹೋಗಿ ಕಂಕುಳಿನ ಮೊದಲ ಗ್ರಂಥಿಗೆ ನೀಲಿ ಹತ್ತುತ್ತದೆ. ಆ ಗ್ರಂಥಿ ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಇಲ್ಲ ಅಂತ ಗೊತ್ತಾದರೆ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕಿಲ್ಲ. ಕೈ ಊದಿಕೊಳ್ಳುವ ಕಷ್ಟವೂ ಕಡಿಮೆ. ಪಳಗಿದ ಕೈಯಲ್ಲಿ ನೀಲಿ ಒಂದರಿಂದಲೇ ನೂರಕ್ಕೆ ತೊಂಬತ್ತರ ಆಸುಪಾಸು ಆ ಗ್ರಂಥಿ ಸಿಗುತ್ತದೆ. ಕ್ಯಾಮೆರಾ ಬೇಡ, ಯಂತ್ರ ಬೇಡ. ಡೈಗಳಲ್ಲೇ ಅತಿ ಅಗ್ಗ.

ಮಕ್ಕಳಾಗದವರಿಗೆ ದುರ್ಬೀನು ಹಾಕಿ ಗರ್ಭನಾಳ ತೆರೆದಿದೆಯಾ ಅಂತ ನೋಡುವಾಗಲೂ ಇದೇ ನೀಲಿಯನ್ನು ನೀರಾಗಿಸಿ ಬಿಡುತ್ತಾರೆ. ಆ ಪರೀಕ್ಷೆಗೆ ಮೊದಲು ಬಸಿರಿಲ್ಲ ಅಂತ ಖಚಿತವಾಗಬೇಕು. ಗರ್ಭದ ನೀರಿಗೆ ಈ ಡೈ ಸೇರಿದಾಗ ಮಗುವಿನ ಸಣ್ಣ ಕರುಳು ಮುಚ್ಚಿ ಹೋದದ್ದು ದಾಖಲಾಗಿದೆ. ಎದೆಹಾಲು ಕುಡಿಸುವ ತಾಯಿಗೆ ಇದನ್ನು ರಕ್ತನಾಳಕ್ಕೆ ಕೊಟ್ಟರೆ ಆಮೇಲೆ 8 ದಿನ ಹಾಲು ಕುಡಿಸಬೇಡಿ ಅಂತ ಔಷಧದ ಮಾಹಿತಿ ಚೀಟಿಯೇ ಹೇಳುತ್ತದೆ.

ಇನ್ನು ಗುಳಿಗೆಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಇದೆ. ಅದನ್ನು ಒಡೆಯುವ ಕಿಣ್ವದ ಹೆಸರು ಎಂಎಒ-ಎ. ಮಿಥಿಲೀನ್ ಬ್ಲೂ ಈ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಖಿನ್ನತೆಗೆ ಕೊಡುವ ಎಷ್ಟೋ ಗುಳಿಗೆಗಳು ಸೆರೊಟೋನಿನ್ ಜಾಸ್ತಿ ಮಾಡುವಂಥವು. ಎರಡೂ ಸೇರಿದರೆ ಅದು ಮಿತಿಮೀರಿ ಏರುತ್ತದೆ. ಜ್ವರ, ಬೆವರು, ನಡುಕ, ಮಾಂಸಖಂಡ ಅದುರುವುದು, ಗುಂಡಿಗೆ ಓಟ, ತಲೆ ಗೊಂದಲವಾಗುವುದು ಶುರುವಾಗುತ್ತವೆ. ಜೀವಕ್ಕೂ ಅಪಾಯ. ಪೇಶಂಟ್ ಅರಿವಳಿಕೆಯಲ್ಲಿದ್ದರೆ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಆಪರೇಷನ್ ಮುಗಿದ ಮೇಲೆ ಸರಿಯಾಗಿ ಎಚ್ಚರವಾಗದೆ ಇರುವುದೇ ಎಷ್ಟೋ ಸಲ ಮೊದಲ ಸುಳಿವು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅದರ ಮುಂದೆ ಬಂದಿದ್ದ ಪ್ರಕರಣಗಳಲ್ಲಿ ಹೆಚ್ಚಿನವು ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಆಪರೇಷನ್‌ನಲ್ಲಿ ಕಿಲೋ ತೂಕಕ್ಕೆ 1ರಿಂದ 8 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟಾಗ ಆದವು. ಎದೆಗೆ ಸ್ವಲ್ಪ ಚುಚ್ಚಿದಾಗ ರಕ್ತಕ್ಕೆ ಸೇರುವುದು ಅದಕ್ಕಿಂತ ಕಡಿಮೆ. ಹಾಗಂತ ಅಪಾಯವೇ ಇಲ್ಲ ಅನ್ನಲು ಬರುವುದಿಲ್ಲ.

ಯಾವ ಗುಳಿಗೆಗಳು? ಎಸ್ಸಿಟಾಲೊಪ್ರಾಂ, ಸರ್ಟ್ರಾಲಿನ್, ಫ್ಲುವೊಕ್ಸೆಟಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್, ಕ್ಲೊಮಿಪ್ರಮಿನ್ ಮುಖ್ಯವಾದವು. ಕಷ್ಟ ಏನು ಅಂದರೆ, ತಿನ್ನುವವರಿಗೇ ಇವು ಖಿನ್ನತೆಯ ಗುಳಿಗೆ ಅಂತ ಗೊತ್ತಿರುವುದಿಲ್ಲ. ಶುಗರ್‌ನಿಂದ ಅಂಗಾಲು ಉರಿಯುವವರಿಗೆ ಡುಲೊಕ್ಸೆಟಿನ್ ಕೊಟ್ಟಿರುತ್ತಾರೆ. ಕ್ಯಾನ್ಸರ್‌ಗೆ ಟಾಮೊಕ್ಸಿಫೆನ್ ತಿನ್ನುವವರಿಗೆ ಮೈ ಬಿಸಿಯೇರಿ ಬೆವರುತ್ತದೆ ಅಂತ ವೆನ್ಲಾಫ್ಯಾಕ್ಸಿನ್ ಬರೆದಿರುತ್ತಾರೆ. ಕೇಳಿದರೆ ಮನೆಯವರು "ಅದು ನರದ ಗುಳಿಗಿ ರೀ, ನಿದ್ದಿ ಬರ್ಲಿ ಅಂತ ಕೊಟ್ಟಾರ" ಅನ್ನುತ್ತಾರೆ. ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಮನೋರೋಗ ತಜ್ಞರಿಗೆ ತೋರಿಸಿ, ಊರಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಆ ಚೀಟಿಯನ್ನು ಬಚ್ಚಿಡುವವರೂ ಇದ್ದಾರೆ. ಸೊಸೆಯ ಗುಳಿಗೆ ಅತ್ತೆಗೆ ಗೊತ್ತಿಲ್ಲ, ಗಂಡನ ಗುಳಿಗೆ ಹೆಂಡತಿಗೆ ಗೊತ್ತಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮನೆಯವರ ಮುಂದೆ ಹೇಳಲಾಗದಿದ್ದರೆ ಅರಿವಳಿಕೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕು ಅಂತ ಕೇಳಿ. ಕೊಡುತ್ತಾರೆ. ಆ ಎರಡು ನಿಮಿಷ ನಿಮ್ಮ ಹಕ್ಕು.

ಇನ್ನೂ ಮೂರು ಔಷಧಗಳನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೋವಿಗೆ ತಿನ್ನುವ ಟ್ರಮಡಾಲ್, ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್, ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಲಿನೆಜೊಲಿಡ್. ಲಿನೆಜೊಲಿಡ್ ತಾನೇ ಎಂಎಒ ತಡೆಯುವ ಔಷಧ. ಅದರ ಮೇಲೆ ಮಿಥಿಲೀನ್ ಬ್ಲೂ ಬಿದ್ದರೆ ತಡೆ ಎರಡು ಪಟ್ಟು.

ಹಾಗಾದರೆ ಆಪರೇಷನ್‌ಗೆ ಮೊದಲು ಗುಳಿಗೆ ಬಿಡಬೇಕಾ? ನೀವಾಗಿ ಖಂಡಿತ ಬಿಡಬೇಡಿ. ಇಂಥ ಹೆಚ್ಚಿನ ಗುಳಿಗೆಗಳು ಮೈಯಿಂದ ಹೋಗಲು ಸುಮಾರು 2 ವಾರ ಬೇಕು. ಫ್ಲುವೊಕ್ಸೆಟಿನ್‌ಗೆ 5 ವಾರ. ಕ್ಯಾನ್ಸರ್ ಆಪರೇಷನ್ 5 ವಾರ ಕಾಯಿಸುವಂಥದ್ದಲ್ಲ. ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ನಿದ್ದೆಗೇಡು, ಹಳೆಯ ಖಿನ್ನತೆ ಮರಳಿ ಬರುವ ಭಯ. ಅದಕ್ಕೇ ನನ್ನ ಅಭಿಪ್ರಾಯ ಒಂದೇ: ಗುಳಿಗೆ ಬಿಡಿಸುವುದಕ್ಕಿಂತ ಡೈ ಬದಲಿಸುವುದು ಒಳ್ಳೆಯದು. ಇದನ್ನು ಸರ್ಜನ್ ಮುಂದೆ ನೇರವಾಗಿ ಕೇಳಿ.

ನೀಲಿಯ ಇನ್ನೊಂದು ತೊಡಕು, ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ. ಇದು ಹುಟ್ಟಿನಿಂದ ಬರುತ್ತದೆ, ಗಂಡಸರಲ್ಲಿ ಜಾಸ್ತಿ. ಈ ಕೊರತೆ ಇರುವವರಿಗೆ ಮಿಥಿಲೀನ್ ಬ್ಲೂ ಕೊಟ್ಟರೆ ಕೆಂಪು ರಕ್ತಕಣ ಒಡೆದು ರಕ್ತಹೀನತೆ ಆಗುತ್ತದೆ, ಕಾಮಾಲೆ ಆಗುತ್ತದೆ. ಮಲೇರಿಯಾಕ್ಕೆ ಪ್ರಿಮಾಕ್ವಿನ್ ತಗೊಂಡಾಗ ಅಥವಾ ಕುಷ್ಠಕ್ಕೆ ಡ್ಯಾಪ್‌ಸೋನ್ ತಗೊಂಡಾಗ ಉಚ್ಚೆ ಕಪ್ಪಗೆ ಹೋಗಿತ್ತು, ಕಣ್ಣು ಹಳದಿಯಾಗಿತ್ತು ಅನ್ನುವವರು ಮನೆಯಲ್ಲಿದ್ದರೆ ಅದನ್ನು ಮೊದಲೇ ಹೇಳಿ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಚರ್ಮದ ತೀರ ಹತ್ತಿರ ಗಾಢವಾಗಿ ಚುಚ್ಚಿದರೆ ಆ ಜಾಗದ ಚರ್ಮ ಸತ್ತು ಹುಣ್ಣಾಗುವುದೂ ಇದೆ. ಅದಕ್ಕೇ ಅನುಭವಸ್ಥರು ನೀರು ಬೆರೆಸಿ, ಸ್ವಲ್ಪ ಆಳಕ್ಕೆ ಹಾಕುತ್ತಾರೆ.

ಐಸೊಸಲ್ಫಾನ್ ಬ್ಲೂ, ಪೇಟೆಂಟ್ ಬ್ಲೂ

ಇವೂ ನೀಲಿಯೇ, ಕೆಲಸವೂ ಅದೇ. ಅಮೆರಿಕದಲ್ಲಿ ಐಸೊಸಲ್ಫಾನ್, ಯುರೋಪಿನಲ್ಲಿ ಪೇಟೆಂಟ್ ಬ್ಲೂ ಜಾಸ್ತಿ ಬಳಕೆ. ಖಿನ್ನತೆಯ ಗುಳಿಗೆಗಳ ಜೊತೆ ಮಿಥಿಲೀನ್ ಬ್ಲೂಗಿರುವ ತಂಟೆ ಇವಕ್ಕಿಲ್ಲ. ಚರ್ಮ ಸಾಯಿಸುವ ಗುಣವೂ ಕಡಿಮೆ. ಇವುಗಳ ದೊಡ್ಡ ದೋಷ ಅಲರ್ಜಿ. ಐಸೊಸಲ್ಫಾನ್‌ನಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಅಲರ್ಜಿ ಕಾಣುತ್ತದೆ. ಕೆಲವರಿಗೆ ಮೈಮೇಲೆ ನೀಲಿ ದದ್ದು ಏಳುತ್ತದೆ, ಕೆಲವರಿಗೆ ಬಿಪಿ ಪೂರ್ತಿ ಕುಸಿಯುತ್ತದೆ. ಮೊದಲೇ ಸ್ಟೆರಾಯ್ಡ್ ಕೊಟ್ಟರೆ ತೀವ್ರತೆ ಕಡಿಮೆಯಾಗುತ್ತದೆ, ಅಲರ್ಜಿ ಆಗುವುದೇ ತಪ್ಪುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಜೊತೆ ಐಸೊಸಲ್ಫಾನನ್ನು ಒಂದೇ ಸಿರಿಂಜಿನಲ್ಲಿ ಬೆರೆಸಿದರೆ ಔಷಧ ಗಸಿಗಟ್ಟುತ್ತದೆ, ಬೇರೆ ಸಿರಿಂಜೇ ಬೇಕು. ನಮ್ಮ ಜಿಲ್ಲೆಗಳಲ್ಲಿ ಇದಕ್ಕಾಗಿ ಹುಡುಕಾಡುವುದು ನನಗೆ ಸರಿ ಕಾಣುವುದಿಲ್ಲ.

ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತಿನ್ನುವವರಿಗೆ ಒಂದು ಮಾತು. ಯಾವ ಡೈಯಿಂದಲೇ ಆಗಲಿ ತೀವ್ರ ಅಲರ್ಜಿ ಆದರೆ ಅಡ್ರಿನಲಿನ್ ಕೊಡುತ್ತಾರೆ. ಈ ಗುಳಿಗೆ ಮೈಯಲ್ಲಿದ್ದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಇರಬಹುದು. ಆಗ ಗ್ಲುಕಗಾನ್ ಅನ್ನುವ ಬೇರೆ ಇಂಜೆಕ್ಷನ್ ಬೇಕಾಗುತ್ತದೆ. ಬಿಪಿ ಗುಳಿಗೆಯನ್ನೂ ಬಿಡಬೇಡಿ, ಡಾಕ್ಟರಿಗೆ ಅದರ ಹೆಸರು ತಿಳಿದಿರಲಿ ಅಷ್ಟೆ.

ಹಸಿರು ಡೈ: ಐಸಿಜಿ

ಪೂರ್ತಿ ಹೆಸರು ಇಂಡೊಸಯನಿನ್ ಗ್ರೀನ್. ಅಮೆರಿಕದಲ್ಲಿ 1959ರಲ್ಲೇ ಒಪ್ಪಿಗೆ ಪಡೆದ ಹಳೆಯ ಔಷಧ. ಬರಿಗಣ್ಣಿಗೆ ಇದರ ಹೊಳಪು ಕಾಣುವುದಿಲ್ಲ. ಅವಗೆಂಪು ಬೆಳಕಿನ ವಿಶೇಷ ಕ್ಯಾಮೆರಾ ಬೇಕು. ಆ ಕ್ಯಾಮೆರಾ ಲಕ್ಷಗಟ್ಟಲೆ ರೂಪಾಯಿಯದ್ದು. ಹಾಗಾಗಿಯೇ ಎಲ್ಲ ದವಾಖಾನೆಗಳಲ್ಲಿ ಇರುವುದಿಲ್ಲ. ಕ್ಯಾಮೆರಾ ಇದ್ದರೆ ಮಾತ್ರ ಇದು ಹಲವು ಕೆಲಸಕ್ಕೆ ಬರುತ್ತದೆ. ಕಂಕುಳಿನ ಗ್ರಂಥಿ, ಪಿತ್ತಕೋಶ ತೆಗೆಯುವಾಗ ಪಿತ್ತನಾಳ, ಕರುಳು ಕತ್ತರಿಸಿ ಜೋಡಿಸಿದಾಗ ಅಲ್ಲಿಗೆ ರಕ್ತ ಹರಿಯುತ್ತಿದೆಯಾ ಅನ್ನುವುದು ಎಲ್ಲವೂ ತೆರೆಯ ಮೇಲೆ ಕಾಣುತ್ತದೆ.

ಗುಳಿಗೆಗಳ ವಿಷಯದಲ್ಲಿ ಇದು ಸಾಧು. ಖಿನ್ನತೆಯ ಗುಳಿಗೆ, ಟ್ರಮಡಾಲ್, ಲಿನೆಜೊಲಿಡ್ ಯಾವುದರ ಜೊತೆಗೂ ಆ ಗಲಾಟೆ ಇಲ್ಲ. ಜಿ6ಪಿಡಿ ಕೊರತೆಯವರಿಗೂ ನೀಲಿಯ ಹಾಗೆ ತೊಂದರೆ ಕೊಡುವುದಿಲ್ಲ. ಲಿವರ್ ಇದನ್ನು ಕೆಲವೇ ನಿಮಿಷದಲ್ಲಿ ರಕ್ತದಿಂದ ಎತ್ತಿ ಪಿತ್ತದಲ್ಲಿ ಬಿಡುತ್ತದೆ. ಲಿವರ್ ಕೆಟ್ಟವರಲ್ಲಿ ನಿಧಾನ. ತೀವ್ರ ಅಲರ್ಜಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಇದರ ಪುಡಿಯಲ್ಲಿ ಸ್ವಲ್ಪ ಸೋಡಿಯಂ ಅಯೊಡೈಡ್ ಇರುತ್ತದೆ. ಹಾಗಾಗಿ ಅಯೊಡೈಡ್ ಅಲರ್ಜಿ ಇದ್ದವರು ಹೇಳಲೇಬೇಕು. ಮೀನು, ಸಿಗಡಿ ಆಗುವುದಿಲ್ಲ ಅನ್ನುವುದು ಅಯೋಡಿನ್ ಅಲರ್ಜಿಯಲ್ಲ, ಅದಕ್ಕೆ ಗಾಬರಿ ಬೇಡ. ಥೈರಾಯ್ಡ್‌ನ ರೇಡಿಯೊ ಅಯೋಡಿನ್ ಪರೀಕ್ಷೆ ಬಾಕಿ ಇದ್ದರೆ ಐಸಿಜಿ ಆದಮೇಲೆ ಕನಿಷ್ಠ ಒಂದು ವಾರ ಬಿಡಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಅದೂ ಬೈಸಲ್ಫೈಟ್ ಬೆರೆತದ್ದು, ಜೊತೆಗಿದ್ದರೆ ಇದರ ಹೊಳಪು ಕುಗ್ಗುತ್ತದೆ. 25 ಮಿಲಿಗ್ರಾಂ ಪುಡಿಯನ್ನು ಇಂಜೆಕ್ಷನ್ ನೀರಿನಲ್ಲೇ ಕರಗಿಸಿ 6 ಗಂಟೆಯೊಳಗೆ ಬಳಸಬೇಕು. ಇದು ನಮ್ಮಂಥವರು ನೋಡಿಕೊಳ್ಳಬೇಕಾದ ಕೆಲಸ.

ನೀಲಿ ಡೈ ಜೊತೆ ವಿಕಿರಣವಿರುವ ಟೆಕ್ನೀಷಿಯಂ ಕೊಟ್ಟು ಗ್ರಂಥಿ ಹುಡುಕುವ ಹಳೆಯ ಕ್ರಮವೂ ಇದೆ. ಫಲಿತಾಂಶ ಚೆನ್ನಾಗಿದೆ. ಆದರೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವ ದೊಡ್ಡ ಊರೇ ಬೇಕು.

ಹಳದಿ ಡೈ: ಫ್ಲೋರೆಸಿನ್

ಶುಗರ್‌ನಿಂದ ಕಣ್ಣಿನ ಪರದೆ ಕೆಟ್ಟಿದೆಯಾ ಅಂತ ನೋಡಲು ಕೈಯ ರಕ್ತನಾಳಕ್ಕೆ ಕೊಡುವುದು ಇದು. ಇದರಲ್ಲಿ ಅಯೋಡಿನ್ ಇಲ್ಲ. ಮೆಟ್‌ಫಾರ್ಮಿನ್ ಬಿಡಬೇಕಿಲ್ಲ. ಕೆಲವರಿಗೆ ವಾಕರಿಕೆ, ವಾಂತಿ ಬರುತ್ತದೆ, ಹಾಗಾಗಿ ಹೊಟ್ಟೆ ತುಂಬಾ ಉಂಡು ಹೋಗಬೇಡಿ. ಚರ್ಮ ಅರ್ಧ ದಿನದವರೆಗೆ ಹಳದಿ, ಉಚ್ಚೆ ಒಂದೂವರೆ ದಿನದವರೆಗೆ ಗಾಢ ಹಳದಿ. ಅದನ್ನು ಕಾಮಾಲೆ ಅಂದುಕೊಂಡು ನಾಟಿ ಔಷಧ ಕುಡಿಸಬೇಡಿ. ನಾಳದಿಂದ ಹೊರಗೆ ಸೋರಿದರೆ ತುಂಬಾ ಉರಿಯುತ್ತದೆ. ಉರಿದ ತಕ್ಷಣ ಸಿಸ್ಟರ್‌ಗೆ ಹೇಳಿ, ತಡಕೊಂಡು ಕೂರಬೇಡಿ. ತೀವ್ರ ಅಲರ್ಜಿ ಅಪರೂಪ. ಮುಂದಿನ ಮೂರ್ನಾಲ್ಕು ದಿನ ರಕ್ತ, ಉಚ್ಚೆಯ ಕೆಲವು ಪರೀಕ್ಷೆಗಳ ಫಲಿತಾಂಶ ಏರುಪೇರಾಗಬಹುದು, ಲ್ಯಾಬಿನವರಿಗೆ ತಿಳಿಸಿ. ಎದೆಹಾಲಿನಲ್ಲಿ 4 ದಿನದವರೆಗೂ ಇರುತ್ತದೆ.

ಡೈಯೇ ಬೇಡ ಅನ್ನುವವರಿಗೆ ಬೆಳಕಿನಿಂದಲೇ ಕಣ್ಣಿನ ಪರದೆಯ ನಾಳಗಳನ್ನು ನೋಡುವ ಒಸಿಟಿ ಆಂಜಿಯೋಗ್ರಫಿ ಇದೆ, ಚುಚ್ಚುವುದೇ ಇಲ್ಲ. ಆದರೆ ನಾಳಗಳು ಸೋರುವುದನ್ನು ಅದು ಡೈಯಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ.

ಈ ಹಳದಿಯನ್ನು ಎದೆ ಕ್ಯಾನ್ಸರ್‌ನಲ್ಲೂ ನಮ್ಮ ದೇಶದ ಕೆಲವು ಸರ್ಜನ್‌ಗಳು ಬಳಸುತ್ತಾರೆ. ನೀಲಿ ಎಲ್‌ಇಡಿ ಬೆಳಕು ಬಿಟ್ಟರೆ ಗ್ರಂಥಿ ಹೊಳೆಯುತ್ತದೆ. ಲಕ್ಷದ ಕ್ಯಾಮೆರಾ ಬೇಕಿಲ್ಲ. ಕಡಿಮೆ ಬಜೆಟ್ಟಿನಲ್ಲಿ ಗುಳಿಗೆಗಳ ಜಗಳ ತಪ್ಪಿಸಲು ಇದು ನನಗೆ ಬಹಳ ಇಷ್ಟವಾದ ದಾರಿ. ಮಾಡಿ ಅಭ್ಯಾಸವಿದೆಯಾ ಅಂತ ನಿಮ್ಮ ಸರ್ಜನ್‌ಗೆ ಕೇಳಿ ನೋಡಿ.

ಮೂತ್ರನಾಳ ಮತ್ತು ಮೋತಿಬಿಂದು

ಗರ್ಭಕೋಶ ತೆಗೆದ ಮೇಲೆ ಮೂತ್ರನಾಳಕ್ಕೆ ಪೆಟ್ಟಾಗಿಲ್ಲ ಅಂತ ನೋಡಲು ಡೈ ಕೊಟ್ಟು, ಮೂತ್ರಕೋಶದಲ್ಲಿ ಬಣ್ಣ ಚಿಮ್ಮುತ್ತದಾ ಅಂತ ನೋಡುತ್ತಾರೆ. ಇದಕ್ಕೆ ಇಂಡಿಗೊ ಕಾರ್ಮಿನ್ ಅನ್ನುವ ಇನ್ನೊಂದು ನೀಲಿ ಡೈ ಇದೆ, ಅದರ ಬಣ್ಣ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಸೆರೊಟೋನಿನ್ ತೊಂದರೆ ಇಲ್ಲ. ಆದರೆ ಬಿಪಿ ಏರಿಸಬಹುದು, ನಾಡಿ ನಿಧಾನ ಮಾಡಬಹುದು. ಹೃದಯ ದುರ್ಬಲವಾಗಿರುವವರು, ನಾಡಿ ಇಳಿಸುವ ಗುಳಿಗೆ ತಿನ್ನುವವರು ಅದನ್ನು ಹೇಳಿರಬೇಕು. ಫ್ಲೋರೆಸಿನ್ ಒಂದು ಮಿಲಿಲೀಟರಿಗಿಂತ ಕಡಿಮೆ ಕೊಟ್ಟರೂ ಈ ಕೆಲಸ ಆಗುತ್ತದೆ. ಮಿಥಿಲೀನ್ ಬ್ಲೂ ಇಲ್ಲಿ ರಕ್ತನಾಳಕ್ಕೆ ಹೋಗುವುದರಿಂದ ಮೇಲೆ ಹೇಳಿದ ಗುಳಿಗೆಗಳಿದ್ದರೆ ನಾನು ಬೇಡವೇ ಬೇಡ ಅನ್ನುತ್ತೇನೆ.

ಬಿಳಿಯಾಗಿ ಬಲಿತ ಮೋತಿಬಿಂದುವಿಗೆ ಹಾಕುವ ಟ್ರಿಪಾನ್ ಬ್ಲೂ ಕಣ್ಣೊಳಗೆ ಹನಿಯಷ್ಟು, ಹಾಕಿ ತೊಳೆದುಬಿಡುತ್ತಾರೆ. ಅಲ್ಲಿ ನೀವು ಆರಿಸುವಂಥದ್ದು ಏನೂ ಇಲ್ಲ.

ನಿಮ್ಮದು ಯಾವ ಪರಿಸ್ಥಿತಿ?

ಎದೆ ಕ್ಯಾನ್ಸರ್ ಇದೆ, ಮೇಲೆ ಹೇಳಿದ ಗುಳಿಗೆ ಯಾವುದೂ ಇಲ್ಲ, ಅಲರ್ಜಿ ಇಲ್ಲ, ಬಸಿರಿಲ್ಲ. ಹಾಗಿದ್ದರೆ ಪಳಗಿದ ಸರ್ಜನ್ ಕೈಯಲ್ಲಿ ಮಿಥಿಲೀನ್ ಬ್ಲೂ ಸಾಕು. ಹಸಿರು ಡೈ ಸಲುವಾಗಿ ಕಲಬುರಗಿಯಿಂದ ಇನ್ನೂರು ಕಿಲೋಮೀಟರ್ ದಾಟಿ ಹೋಗಬೇಕಿಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕಲಬುರಗಿ ಕೇಂದ್ರ, ಇಲ್ಲವೇ ಸರ್ಕಾರಿ ಮೆಡಿಕಲ್ ಕಾಲೇಜು ದವಾಖಾನೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವುದು ಹತ್ತಿರವೋ ಅಲ್ಲಿ ಮೊದಲು ವಿಚಾರಿಸಿ. ಕೀಮೋ, ರೇಡಿಯೇಷನ್ ಅಂತ ತಿಂಗಳುಗಟ್ಟಲೆ ಓಡಾಟ ಮುಂದೆ ಇದೆ. ಬಸ್ಸು, ಊಟ, ಜೊತೆಗೆ ಬರುವವರ ಕೂಲಿ ಎಲ್ಲ ಲೆಕ್ಕ ಹಾಕಿ.

ಖಿನ್ನತೆಯ ಗುಳಿಗೆ, ಲಿನೆಜೊಲಿಡ್ ಅಥವಾ ಜಿ6ಪಿಡಿ ಕೊರತೆ ಇದ್ದರೆ ಮೊದಲು ಇಲ್ಲೇ ಹಳದಿ ಅಥವಾ ಹಸಿರು ಸಿಗುತ್ತದಾ ಕೇಳಿ. ಸಿಗದಿದ್ದರೆ ಆಗ ಹೈದರಾಬಾದಿಗೆ ಹೋಗುವುದರಲ್ಲಿ ಅರ್ಥವಿದೆ. ಬೀದರಿನವರಿಗೆ ಅದು ಹೇಗೂ ಹತ್ತಿರ. ಹೊರಡುವ ಮೊದಲು ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದಾ, ಡೈ ಮತ್ತು ಕ್ಯಾಮೆರಾದ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಟ್ರಮಡಾಲ್ ಅಥವಾ ಕೆಮ್ಮಿನ ಸಿರಪ್ ಮಾತ್ರ ಇದ್ದರೆ ಡಾಕ್ಟರು ಅದನ್ನೇ ಬದಲಿಸಬಹುದು, ಊರು ಬದಲಿಸಬೇಕಿಲ್ಲ.

ಪಿತ್ತಕೋಶದ ಸಾಮಾನ್ಯ ಆಪರೇಷನ್‌ಗೆ ಹಸಿರು ಡೈ ಇದ್ದರೆ ಅನುಕೂಲ, ಇಲ್ಲದಿದ್ದರೂ ಒಳ್ಳೆಯ ಸರ್ಜನ್ ಮಾಡುತ್ತಾರೆ. ಅದಕ್ಕಾಗಿ ಸಾಲ ಮಾಡಬೇಡಿ.

ಭೇಟಿಗೆ ಹೋಗುವ ದಿನ ಚೀಟಿಗಳ ಜೊತೆ ಗುಳಿಗೆಯ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ ಪುಡಿ, ಊರ ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯೂ ಅದರಲ್ಲಿರಲಿ.

ಆಪರೇಷನ್ ಆದಮೇಲೆ ನೀಲಿ ಡೈ ಹಾಕಿದವರಿಗೆ ಉಚ್ಚೆ ಹಸಿರು-ನೀಲಿ ಹೋಗುತ್ತದೆ, ಎದೆಯ ಮೇಲೆ ನೀಲಿ ಕಲೆ ವಾರಗಟ್ಟಲೆ ಉಳಿಯಬಹುದು. ಬೆರಳಿಗೆ ಹಾಕಿದ ಆಕ್ಸಿಜನ್ ಯಂತ್ರ ಸ್ವಲ್ಪ ಹೊತ್ತು ಸುಳ್ಳೇ ಕಡಿಮೆ ತೋರಿಸಬಹುದು, ಯಾಕೆಂದರೆ ಆ ಯಂತ್ರ ಅಳೆಯುವ ಕೆಂಪು ಬೆಳಕನ್ನೇ ಡೈ ಹೀರುತ್ತದೆ. ಅದು ಸುಳ್ಳೋ ನಿಜವೋ ಅಂತ ಡಾಕ್ಟರೇ ನೋಡಿ ಹೇಳಬೇಕು. ಆದರೆ ಜ್ವರ, ವಿಪರೀತ ಬೆವರು, ಕೈಕಾಲು ಅದುರುವುದು, ಮಾತು ತಡವರಿಸುವುದು, ಮೈಮೇಲೆ ದದ್ದು, ಉಸಿರು ಕಟ್ಟುವುದು, ಕಣ್ಣು ಹಳದಿ, ಉಚ್ಚೆ ಕಪ್ಪು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಮನೆಗೆ ಬಂದ ಮೇಲೆ ಕಂಡರೆ ಆಪರೇಷನ್ ಕಾಗದ ಹಿಡಿದು ಹತ್ತಿರದ ದೊಡ್ಡ ದವಾಖಾನೆಗೆ ಹೋಗಿ. ಯಾವ ಡೈ ಹಾಕಿದ್ದರು ಅನ್ನುವುದನ್ನು ಅಲ್ಲಿ ಮೊದಲ ಮಾತಾಗಿ ಹೇಳಿ. ಅದಕ್ಕಾಗಿ ಡಿಸ್ಚಾರ್ಜ್ ದಿನವೇ ಡೈಯ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಂಡಿರಿ.